ಯಾನಾಗಿಸೆಯ ಮೆಟ್ಟಿಲು

ನಮ್ಮ ಬೀದಿಯ ಚಿಜುರು ತನ್ನ ಅತ್ತೆಯನ್ನು ರೈಲಿನಲ್ಲಿ ಬಿಟ್ಟು ಬಂದಳು ಎಂದು ಸಾರ್ವಜನಿಕ ಸ್ನಾನದ ಮನೆಯಲ್ಲಿ ಕೂತು ಮಾತಾಡುವವರು ಈಗಲೂ ಇದ್ದಾರೆ. ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿಕೊಂಡು ಇನ್ನೊಬ್ಬರ ಮನೆಯ ವಿಷಯ ಎತ್ತುವುದು ಬಲು ಹಿತವಾಗಿರುತ್ತದೆ. ನಾನೂ ಆ ಸುಖ ಉಂಡವಳೇ, ಸುಳ್ಳೇಕೆ ಹೇಳಲಿ. ಆದರೆ ಈ ವಿಷಯದಲ್ಲಿ ಅವರಿಗೆ ಗೊತ್ತಿರುವುದು ಅರ್ಧ. ನನ್ನ ಇಸ್ತ್ರಿ ಅಂಗಡಿ ಚಿಜುರು ಮನೆಯ ಎದುರಿಗೇ ಇದೆ. ನಡೆದದ್ದನ್ನು ಚಿಜುರು ಬಾಯಿಂದಲೂ ಕೇಳಿದ್ದೇನೆ, ಆಮೇಲೆ ಅವಳ ನಾದಿನಿ ರಿತ್ಸುಕೊ ಬಾಯಿಂದಲೂ ಕೇಳಿದ್ದೇನೆ. ಇಬ್ಬರ ಮಾತಿಗೂ ಹೆಚ್ಚು ವ್ಯತ್ಯಾಸವಿಲ್ಲ. ಅದೇ ನನಗೆ ಸೋಜಿಗ.

ಚಿಜುರು ಒನುಮಾಗೆ ಈಗ ಅರವತ್ತು ದಾಟಿದೆ. ಬೆಳಿಗ್ಗೆ ಊಟದ ಡಬ್ಬಿ ತಯಾರಿಸುವ ಅಡುಗೆಮನೆಯಲ್ಲಿ ಮೊಟ್ಟೆ ಸುತ್ತುವ ಕೆಲಸ. ಉದ್ದನೆ ಬಾಣಲೆಯಲ್ಲಿ ತೆಳ್ಳಗೆ ಮೊಟ್ಟೆ ಹುಯ್ದು, ಕಡ್ಡಿಯಿಂದ ಮಡಿಸಿ ಮಡಿಸಿ ದಿಂಬು ಮಾಡಿ, ಕೊಯ್ದು ಜೋಡಿಸುತ್ತಾಳೆ. ಮಾತು ಕಡಿಮೆ. ನಾನು ಹತ್ತು ಆಡಿದರೆ ಅವಳು ಒಂದು ಆಡುತ್ತಾಳೆ, ಆ ಒಂದೂ ಬಟ್ಟೆಯ ವಿಷಯವಾಗಿರುತ್ತದೆ. ಮಕ್ಕಳಿಲ್ಲ. ಗಂಡ ಹೋಗಿ ಎಂಟು ವರ್ಷ. ಗಂಡ ಹೋದಮೇಲೆ ಮನೆಯಲ್ಲಿ ಉಳಿದವರು ಅವಳು ಮತ್ತು ಗಂಡನ ತಾಯಿ, ತೊಕಿ ಅಜ್ಜಿ.

ತೊಕಿ ಅಜ್ಜಿ ಕಾಮಿತೋದಾದವರು. ಉತ್ತರಕ್ಕಿರುವ ಸಣ್ಣ ಊರು, ನದಿ ದಂಡೆ, ಅಲ್ಲೇ ಅವರ ಗಂಡನ ಸಮಾಧಿ. ಸೊಂಟದ ಮೂಳೆ ಮುರಿದಾಗ ಮಗ ಕಾರಿನಲ್ಲಿ ಕರೆತಂದ. ಹೊಸ ವರ್ಷ ಕಳೆದಮೇಲೆ ವಾಪಸ್ ಬಿಡುತ್ತೇನೆ ಎಂದಿದ್ದ. ಆ ಹೊಸ ವರ್ಷ ಕಳೆದು ಎಷ್ಟೋ ಹೊಸ ವರ್ಷಗಳು ಬಂದವು. ಮಗ ಇರುವವರೆಗೆ ವರ್ಷಕ್ಕೊಮ್ಮೆ ಕಾರಿನಲ್ಲಿ ಊರು ತೋರಿಸಿ ಬರುತ್ತಿದ್ದ. ಮಗ ಹೋದ, ಕಾರೂ ಮಾರಿಹೋಯಿತು. ಅಲ್ಲಿಂದ ಮುಂದೆ ತೊಕಿ ಅಜ್ಜಿ ಊರು ನೋಡಲಿಲ್ಲ.

ನೋಡಲಿಲ್ಲ ಅಷ್ಟೇ, ಕೇಳುವುದನ್ನು ಬಿಡಲಿಲ್ಲ. ಸಂಜೆ ಬಿಸಿಲು ಇಳಿಯುತ್ತಿದ್ದ ಹಾಗೆ ಶಾಲು ಹೊದ್ದು, ತಾವೇ ಗಾಲಿಕುರ್ಚಿ ತಳ್ಳಿಕೊಂಡು ಬಾಗಿಲ ಹತ್ತಿರ ಬರುತ್ತಿದ್ದರು. ನಾನು ಇಸ್ತ್ರಿ ಹಾಕುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

“ಚಿಜುರು, ಮನೆಗೆ ಹೋಗೋಣ ನಡಿ.”

“ಯಾನಾಗಿಸೇಲಿ ಗಾಡಿ ಬದಲಾಯಿಸ್ಬೇಕಲ್ಲ ಅಮ್ಮ. ಮೆಟ್ಟಿಲಿದೆ. ನಿಮ್ಮನ್ನ ಹೇಗೆ ಹತ್ತಿಸ್ಲಿ?”

“ಹೊತ್ಕೋ.”

“ನಿಮ್ಮನ್ನ ಹೊತ್ರೆ ನನ್ನನ್ನ ಯಾರು ಹೊರ್ತಾರೆ?”

“ಆ ಕಂಪನಿಯವನಿಗೂ ಈ ಕಂಪನಿಯವನಿಗೂ ಅದೇನು ಜಗಳವೋ. ಹಳಿಗೆ ಹಳಿ ಸೇರಿಸಿದ್ರೆ ಅವರಪ್ಪನ ಗಂಟು ಹೋಗುತ್ತಾ?”

“ಅವರ ಜಗಳ ಮುಗಿದ ದಿನ ಹೋಗೋಣ, ಆಯ್ತಾ?”

ತೊಕಿ ಅಜ್ಜಿ ಗೊಣಗುತ್ತ ಒಳಗೆ ಹೋಗುತ್ತಿದ್ದರು. ಮಾರನೆಯ ಸಂಜೆ ಮತ್ತೆ ಅದೇ ಶಾಲು, ಅದೇ ಮಾತು.

ಚಿಜುರು ಹೇಳಿದ್ದು ನೆಪವಾಗಿರಲಿಲ್ಲ. ನಮ್ಮ ಕಡೆಯಿಂದ ಯಾನಾಗಿಸೆವರೆಗೆ ಓಡುವುದು ನೀಲಿ ಪಟ್ಟಿಯ ಗಾಡಿ, ಅದು ಒಂದು ಕಂಪನಿ. ಅಲ್ಲಿಂದಾಚೆ ಹಸಿರು ಪಟ್ಟಿಯದು, ಅದು ಬೇರೆ ಕಂಪನಿ. ಇವರ ಗೇಟಿಗೆ ಕಾರ್ಡು ಮುಟ್ಟಿಸಿ ಹೊರಗೆ ಬಂದು, ಮೆಟ್ಟಿಲಿಳಿದು, ನೂಡಲ್ ಅಂಗಡಿಯ ಓಣಿ ದಾಟಿ, ಮತ್ತೆ ಮೆಟ್ಟಿಲು ಹತ್ತಿ, ಅವರ ಗೇಟಿಗೆ ಕಾರ್ಡು ಮುಟ್ಟಿಸಿ ಒಳಗೆ ಹೋಗಬೇಕು. ಮದುವೆಯಾದ ಲಾಗಾಯ್ತು ಚಿಜುರು ಹೊಸ ವರ್ಷಕ್ಕೊಮ್ಮೆ, ಬೇಸಿಗೆಯ ಪಿತೃಗಳ ಹಬ್ಬಕ್ಕೊಮ್ಮೆ ಹಾಗೆ ಹತ್ತಿ ಇಳಿದವಳು. ಬರುವಾಗ ಅತ್ತೆ ಕೊಟ್ಟ ಉಪ್ಪಿಗೆ ಹಾಕಿದ ಮೂಲಂಗಿಯ ಭಾರ ಬೇರೆ. ಆಮೇಲೆ ಗಂಡ ಕಾರು ಕೊಂಡ, ಆ ದಾರಿಯ ರೈಲು ಹತ್ತುವ ಕೆಲಸ ನಿಂತಿತು. ಕಾಲಿಗೆ ಮಾತ್ರ ಎಲ್ಲ ನೆನಪಿತ್ತು.

ಎಲೆ ಕೆಂಪಾಗುವ ಕಾಲಕ್ಕೆ ತೊಕಿ ಅಜ್ಜಿ ತೀರಿಕೊಂಡರು. ತೊಂಬತ್ತೆರಡು. ಸುಟ್ಟಮೇಲೆ ಕಡ್ಡಿಯಲ್ಲಿ ಮೂಳೆ ಹೆಕ್ಕಿ ಭರಣಿಗೆ ಹಾಕುವಾಗ ರಿತ್ಸುಕೊ ಬಿಕ್ಕಿ ಬಿಕ್ಕಿ ಅತ್ತಳು, ಮಗಳಲ್ಲವೇ. ಚಿಜುರು ಅಳಲಿಲ್ಲ. ಕಲ್ಲುಗುಂಡಿನ ಹಾಗೆ ನಿಂತಿದ್ದಳು ಎಂದು ಅದಕ್ಕೂ ಜನ ಆಡಿಕೊಂಡರು. ಆಮೇಲಿನ ವಾರಗಳಲ್ಲಿ ಅವಳು ಸುತ್ತಿದ ಮೊಟ್ಟೆ ಒಂದು ದಿನ ಉಪ್ಪು, ಒಂದು ದಿನ ಸಪ್ಪೆ. ಅಡುಗೆಮನೆಯ ಯಜಮಾನಿ ಗೊಣಗಿದಳು. ಒಂದು ಸಂಜೆ ನಾನೇ ಕೇಳಿದೆ.

“ಹೇಗಿದೀಯ?”

“ಹಲ್ಲು ಕೀಳಿಸ್ಕೊಂಡು ಬಂದಾಗ ತುಟಿ ಇರುತ್ತಲ್ಲ ಅಕ್ಕ, ಹಾಗಿದೀನಿ. ಇದೆ, ನಂದೇ, ಆದ್ರೆ ಗೊತ್ತಾಗ್ತಿಲ್ಲ.”

“ಅಜ್ಜಿ ಇಲ್ಲ ಅಂತ ಬೇಜಾರಾ?”

“ಬೇಜಾರಾದ್ರೆ ಒಳ್ಳೇದಿತ್ತು.”

ನಮ್ಮಲ್ಲಿ ಅಸ್ಥಿಯನ್ನು ಏಳು ವಾರ ಮನೆಯಲ್ಲಿಟ್ಟುಕೊಂಡು ಆಮೇಲೆ ಸಮಾಧಿಗೆ ಇಳಿಸುವುದು. ಕಾಮಿತೋದಾದಲ್ಲಿರುವ ರಿತ್ಸುಕೊ ಫೋನು ಮಾಡಿದಳು. ಗುಡಿಯ ಗುರುಗಳು ಮಧ್ಯಾಹ್ನ ಒಂದು ಗಂಟೆಗೆ ಬರುತ್ತಾರೆ, ಸಮಾಧಿಯ ಕಲ್ಲು ಎತ್ತುವ ಆಳುಗಳಿಗೂ ಅದೇ ಹೊತ್ತು ಹೇಳಿದೆ, ಅತ್ತಿಗೆ ತಡ ಮಾಡಬಾರದು, ನಾನು ಸ್ಟೇಷನ್‌ಗೆ ಬಂದು ನಿಂತಿರುತ್ತೇನೆ. ಇಷ್ಟೇ ಹೇಳಿದ್ದು. ಇನ್ನೊಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ.

ಆ ಬೆಳಿಗ್ಗೆ ಚಿಜುರು ಕಪ್ಪು ಬಟ್ಟೆ ಉಟ್ಟು ಹೊರಟಳು. ಪಿಂಗಾಣಿ ಭರಣಿಗೆ ಒಳಗೊಂದು ಬಿಳಿ ವಸ್ತ್ರ, ಮೇಲೊಂದು ನೇರಳೆ ವಸ್ತ್ರ, ನಾನೇ ಗಂಟು ಬಿಗಿದು ಕೊಟ್ಟೆ. ಇನ್ನೊಂದು ಕೈಯಲ್ಲಿ ಗುರುಗಳಿಗೆಂದು ಸಿಹಿ ಹೂರಣದ ಬಿಲ್ಲೆಗಳ ಡಬ್ಬಿ. ರಜೆಯ ದಿನವಾದ್ದರಿಂದ ಗಾಡಿಯಲ್ಲಿ ಜನವೋ ಜನ. ಹೇಗೋ ಕಿಟಕಿ ಪಕ್ಕ ಜಾಗ ಸಿಕ್ಕಿತು, ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಬಟ್ಟೆಯಲ್ಲಿ ಎಷ್ಟು ಸುತ್ತಿದರೂ ಆ ಆಕಾರ ಏನೆಂದು ನಮ್ಮ ಜನಕ್ಕೆ ಗೊತ್ತಾಗಿಬಿಡುತ್ತದೆ. ಪಕ್ಕದಲ್ಲಿದ್ದ ಗಂಡಸು ಒಮ್ಮೆ ನೋಡಿದ, ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ, ಮುಂದಿನ ಸ್ಟೇಷನ್‌ನಲ್ಲಿ ಎದ್ದು ಬಾಗಿಲ ಹತ್ತಿರ ಹೋಗಿ ನಿಂತ. ಇಳಿಯಲಿಲ್ಲ. ಅವನು ಬಿಟ್ಟ ಜಾಗದಲ್ಲಿ ಯಾರೂ ಕೂರಲಿಲ್ಲ. ಜನ ಒಬ್ಬರ ಕಾಲು ಒಬ್ಬರು ತುಳಿಯುತ್ತ ನಿಂತಿದ್ದಾರೆ, ಇವಳ ಪಕ್ಕ ಮಾತ್ರ ಖಾಲಿ. ಯಾರೂ ಏನೂ ಅನ್ನಲಿಲ್ಲ, ಅನ್ನುವುದೂ ಇಲ್ಲ, ನಮ್ಮವರ ಸಭ್ಯತೆಯೇ ಅಂಥದ್ದು, ಮೈ ಉರಿಯುತ್ತದೆ. ಚಿಜುರುಗೆ ತನ್ನಿಂದ ಒಂದು ಜಾಗ ದಂಡವಾಯಿತಲ್ಲ ಎಂದು ಸಂಕೋಚವಾಯಿತು. ಎದ್ದು ಭರಣಿಯನ್ನು ಮೇಲಿನ ಸಾಮಾನಿನ ಹಲಗೆಯ ಮೇಲೆ ಜೋಪಾನವಾಗಿ ಇಟ್ಟಳು. ಸಿಹಿ ಡಬ್ಬಿ ತೊಡೆಗೆ ಬಂತು. ಒಂದು ಹುಡುಗಿ ತಕ್ಷಣ ಬಂದು ಪಕ್ಕ ಕೂತಳು.

ಆಮೇಲೆ ಏನು ಯೋಚಿಸುತ್ತಿದ್ದೆ ಎಂದು ಕೇಳಿದರೆ, ಏನೂ ಇಲ್ಲ ಎನ್ನುತ್ತಾಳೆ. ಧ್ವನಿವರ್ಧಕದಲ್ಲಿ “ಮುಂದೆ ಯಾನಾಗಿಸೆ, ಯಾನಾಗಿಸೆ” ಎಂದು ಬಂತು. ಅದರ ಹಿಂದೆ ಇನ್ನೇನೋ ಹೇಳಿದರು. ಇವಳು ಆ ಒಂದು ಹೆಸರು ಕೇಳಿದ್ದೇ ಎದ್ದಳು. ಬಾಗಿಲು ತೆರೆಯಿತು, ಇಳಿದಳು. ಕಾರ್ಡು ಮುಟ್ಟಿಸಿದಳು. ಮೆಟ್ಟಿಲಿಳಿದಳು. ನೂಡಲ್ ಅಂಗಡಿ ಈಗ ಮೊಬೈಲ್ ಅಂಗಡಿಯಾಗಿತ್ತು, ಅದನ್ನು ಗಮನಿಸಿದಳಂತೆ. ಮೆಟ್ಟಿಲು ಹತ್ತಿದಳು. ಇಷ್ಟು ಜನರಿದ್ದರೂ ಮೆಟ್ಟಿಲ ಮೇಲೆ ತಾನೊಬ್ಬಳೇ ಯಾಕೆ ಎಂದೂ ಒಂದು ಕ್ಷಣ ಅನ್ನಿಸಿತಂತೆ. ಹಸಿರು ಗೇಟಿಗೆ ಕಾರ್ಡು ಮುಟ್ಟಿಸಿ ಒಳಗೆ ಹೋಗಿ ಬೆಂಚಿನ ಮೇಲೆ ಕೂತು, ಭರಣಿಯ ಗಂಟು ಸರಿ ಮಾಡೋಣವೆಂದು ತೊಡೆ ನೋಡಿಕೊಂಡಳು. ಸಿಹಿ ಡಬ್ಬಿ ಇತ್ತು.

“ಎದೆ ಧಸಕ್ ಅನ್ಲಿಲ್ವಾ?” ಎಂದು ನಾನು ಕೇಳಿದ್ದೆ.

“ಇಲ್ಲ ಅಕ್ಕ. ಇದು ತೀರಾ ಚಿಕ್ಕದಾಗಿದೆಯಲ್ಲ ಅನ್ನಿಸ್ತು.”

ಹಸಿರು ಗೇಟಿನ ಪಕ್ಕದ ಕಿಟಕಿಯಲ್ಲಿ ಕನ್ನಡಕ ಹಾಕಿಕೊಂಡ ನಡುವಯಸ್ಸಿನ ನೌಕರನಿದ್ದ. ಚಿಜುರು ಹೋಗಿ ಬಗ್ಗಿ ನಮಸ್ಕರಿಸಿ, ಕಾಮಿತೋದಾಗೆ ಹೊರಟವಳು, ಈಗ ತಾನೇ ಹೋದ ನೀಲಿ ಗಾಡಿಯಲ್ಲಿ ಬಿಟ್ಟುಬಿಟ್ಟಿದ್ದೇನೆ ಎಂದಳು. ಅವನು ಫೋನೆತ್ತಿಕೊಂಡ.

“ಏನನ್ನ ಬಿಟ್ರಿ ಅಮ್ಮ?”

“ನಮ್ಮ ಅತ್ತೆಯವರನ್ನ.”

ಅವನ ಮುಖ ಗಂಭೀರವಾಯಿತು. “ಒಬ್ರೇ ಇದಾರಾ? ವಯಸ್ಸೆಷ್ಟು?”

“ತೊಂಬತ್ತೆರಡು.”

“ನಡೀತಾರಾ?”

“ಇಲ್ಲ, ನಡೆಯೋಕಾಗಲ್ಲ.”

ಅವನು ಅಷ್ಟನ್ನೂ ಆಗಲೇ ಫೋನಿನಲ್ಲಿ ಒದರುತ್ತಿದ್ದ. ಕಾಮಿತೋದಾ, ಕಾಮಿತೋದಾ, ತೊಂಬತ್ತೆರಡರ ಅಜ್ಜಿ, ಜೊತೆಗೆ ಯಾರೂ ಇಲ್ಲ, ವೀಲ್‌ಚೇರ್ ತಗೊಂಡು ಪ್ಲಾಟ್‌ಫಾರ್ಮಿಗೆ ಹೋಗಿ. ಆಮೇಲೆ ಇವಳತ್ತ ತಿರುಗಿದ.

“ಬಟ್ಟೆ ಯಾವ ಬಣ್ಣ?”

“ಒಳಗೆ ಬಿಳಿ. ಮೇಲೆ ನೇರಳೆ.”

“ಯಾವ ಕಡೆ ಕೂತಿದ್ರು?”

“ಮೇಲೆ. ಸಾಮಾನಿಡೋ ಹಲಗೆ ಮೇಲೆ.”

ಅವನು ಫೋನು ಕೆಳಗಿಟ್ಟ. ಚಿಜುರು ಉಟ್ಟ ಕಪ್ಪು ಬಟ್ಟೆಯನ್ನು ಈಗ ನೋಡಿದ. ತಲೆ ಬಗ್ಗಿಸಿ, ಕ್ಷಮಿಸಬೇಕು, ನನಗೆ ತಿಳಿಯಲಿಲ್ಲ ಎಂದ. ಚಿಜುರುವೂ ತಲೆ ಬಗ್ಗಿಸಿ, ಇಲ್ಲ, ನಾನೇ ಸರಿಯಾಗಿ ಹೇಳಲಿಲ್ಲ ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಬಗ್ಗುತ್ತ ಏಳುತ್ತ ಇದ್ದರಂತೆ. ಅದನ್ನು ಹೇಳುವಾಗ ಮಾತ್ರ ಚಿಜುರು ತುಟಿಯ ಒಂದು ಕೊನೆ ಅಲುಗಿದ್ದನ್ನು ನಾನು ನೋಡಿದೆ.

“ನೀವು ಕಾಮಿತೋದಾಗೆ ಹೋಗೋರು ತಾನೇ?” ಅವನು ಕೇಳಿದ. “ಮತ್ತೆ ಇಲ್ಯಾಕೆ ಇಳಿದ್ರಿ?”

“ಗಾಡಿ ಬದಲಾಯಿಸೋಕೆ.”

“ಬದಲಾಯಿಸೋದೇನಿಲ್ವಲ್ಲ ಅಮ್ಮ. ಅದೇ ಗಾಡಿ ಸೀದಾ ಹೋಗುತ್ತೆ. ಇಲ್ಲಿ ಅವರ ಡ್ರೈವರ್ ಇಳೀತಾರೆ, ನಮ್ಮ ಡ್ರೈವರ್ ಹತ್ತಾರೆ, ಅಷ್ಟೇ. ಪ್ರಯಾಣಿಕರು ಕೂತ್ಕೊಂಡೇ ಇರ್ತಾರೆ. ಈ ಮೆಟ್ಟಿಲು ಈಗ ಸುತ್ತಮುತ್ತಲ ಸಣ್ಣ ಊರಿಗೆ ಹೋಗೋರಿಗೆ ಮಾತ್ರ.”

“ಯಾವಾಗಿಂದ?”

“ಒಂಬತ್ತು ವರ್ಷ ಆಯ್ತು.”

ಚಿಜುರು ಕಿಟಕಿಯ ಅಂಚು ಹಿಡಿದುಕೊಂಡಳು. ಕೇಳಿದಳು, “ಅದರಲ್ಲಿ ವೀಲ್‌ಚೇರ್ ಹತ್ತುತ್ತಾ?”

“ಧಾರಾಳವಾಗಿ. ಮೊದಲೇ ಹೇಳಿದ್ರೆ ಎರಡು ಕಡೆನೂ ನಮ್ಮವರು ಬಂದು ಹಲಗೆ ಹಾಕ್ತಾರೆ. ನೀವು ಕೈ ಹಚ್ಚೋದೂ ಬೇಕಿಲ್ಲ.”

ಅವನು ಉಪಕಾರ ಮಾಡುತ್ತಿದ್ದೇನೆಂದು ಹೇಳಿದ್ದು. ಪಾಪ, ಅವನಿಗೇನು ಗೊತ್ತು. ನಮ್ಮ ಮನೆ ಬಾಗಿಲ ಸ್ಟೇಷನ್‌ನಿಂದ ತೊಕಿ ಅಜ್ಜಿಯ ಊರಿನವರೆಗೆ ಒಂದು ಮೆಟ್ಟಿಲೂ ಇಲ್ಲದೆ ಗಾಡಿ ಓಡುತ್ತಿತ್ತು. ಆ ಕಂಪನಿಯವನದೂ ಈ ಕಂಪನಿಯವನದೂ ಜಗಳ ಎಂದೋ ಮುಗಿದಿತ್ತು. ಮುದುಕಿ ಶಾಲು ಹೊದ್ದು ಬಾಗಿಲಿಗೆ ಬಂದ ಪ್ರತಿ ಸಂಜೆಯೂ ಹೋಗಬಹುದಿತ್ತು. ನನಗಿದನ್ನು ಚಿಜುರು ಹೇಳಿದಾಗ ಇಸ್ತ್ರಿ ಪೆಟ್ಟಿಗೆ ಅಲ್ಲೇ ಬಿಟ್ಟು ಒಂದು ಅಂಗಿ ಸುಟ್ಟೆ.

ಇತ್ತ ಕಾಮಿತೋದಾದಲ್ಲಿ ರಿತ್ಸುಕೊ ಗೇಟಿನ ಹತ್ತಿರ ಕಾಯುತ್ತಿದ್ದಳು. ಇಬ್ಬರು ನೌಕರರು ಖಾಲಿ ಗಾಲಿಕುರ್ಚಿ, ಮಡಚುವ ಹಲಗೆ ಎತ್ತಿಕೊಂಡು ಪ್ಲಾಟ್‌ಫಾರ್ಮಿಗೆ ಓಡಿದ್ದನ್ನು ನೋಡಿದಳು. ಯಾರಿಗೋ ಏನೋ ಆಗಿದೆ ಎಂದುಕೊಂಡಳು. ಗಾಡಿ ಬಂತು, ಜನ ಇಳಿದರು, ಅತ್ತಿಗೆ ಇಳಿಯಲಿಲ್ಲ. ಎಲ್ಲರೂ ಹೋದಮೇಲೆ ಗಾಲಿಕುರ್ಚಿ ನಿಧಾನಕ್ಕೆ ಬಂತು. ಅಜ್ಜಿಯಲ್ಲ, ಅಸ್ಥಿಯ ಭರಣಿ ಎಂದು ಯಾನಾಗಿಸೆಯಿಂದ ಎರಡನೆಯ ಫೋನು ಬರುವಷ್ಟರಲ್ಲಿ ಇವರು ಗಾಡಿಯೊಳಗೆ ಹುಡುಕಿ ಆಗಿತ್ತು. ಇನ್ನು ಕೈಯಲ್ಲಿ ಹಿಡಿದು ತರುವುದು ಮರ್ಯಾದೆಯಲ್ಲವೆಂದೋ ಏನೋ, ಭರಣಿಯನ್ನು ಕುರ್ಚಿಯಲ್ಲೇ ಕೂರಿಸಿ, ಬೀಳದ ಹಾಗೆ ಪಟ್ಟಿಯನ್ನೂ ಕಟ್ಟಿ ತಳ್ಳಿಕೊಂಡು ಬಂದರು.

“ನೇರಳೆ ಗಂಟು ಕಂಡ ಕೂಡ್ಲೇ ಗೊತ್ತಾಯ್ತು,” ಎಂದಳು ರಿತ್ಸುಕೊ ನನಗೆ. “ಅಮ್ಮ ಒಬ್ಳೇ ಊರಿಗೆ ಬಂದುಬಿಟ್ಲು ಅಂತ ಅನ್ನಿಸ್ತು.”

ಮುಂದಿನ ಗಾಡಿಯಲ್ಲಿ ಚಿಜುರು ಬಂದಳು. ಸ್ಟೇಷನ್ ಆಫೀಸಿನಲ್ಲಿ ಭರಣಿಯನ್ನು ಮೇಜಿನ ಮೇಲಿಟ್ಟು, ಅದರ ಮುಂದೆ ಒಂದು ಲೋಟ ಚಹಾ ಇಟ್ಟಿದ್ದರು. ಪಕ್ಕದ ಕುರ್ಚಿಯಲ್ಲಿ ರಿತ್ಸುಕೊ. ಅಲ್ಲಿನ ಹಿರಿಯ ನೌಕರ ಬಹಳ ಹೊತ್ತು ಪೀಠಿಕೆ ಹಾಕಿ, ದನಿ ತಗ್ಗಿಸಿ ಕೇಳಿದ.

“ತಪ್ಪು ತಿಳೀಬೇಡಿ ಅಮ್ಮ. ಕೆಲವರು ಅಸ್ಥಿನ ಬೇಕಂತಲೇ ಗಾಡೀಲಿ ಬಿಟ್ಟು ಹೋಗ್ತಾರೆ. ಅವರವರ ಕಷ್ಟ ಅವರವರಿಗೆ, ನಾವು ಯಾರನ್ನೂ ಬೈಯಲ್ಲ. ನಿಮ್ಮದು ಹಾಗೇನಲ್ಲ ತಾನೇ?”

ಅಲ್ಲ ಎನ್ನಬೇಕಿತ್ತು. ಚಿಜುರು ಭರಣಿಯನ್ನು ನೋಡುತ್ತ ನಿಂತಳು. ಸುಮ್ಮನಿದ್ದದ್ದು ಹೆಚ್ಚಾಯಿತು ಎಂದು ನೌಕರನಿಗೂ ಅನ್ನಿಸಿರಬೇಕು. ಚಹಾ ತರುವ ನೆಪ ಹೇಳಿ ಹೊರಗೆ ಹೋದ. ಬಾಗಿಲು ಮುಚ್ಚಿದ್ದೇ ರಿತ್ಸುಕೊ ಶುರು ಮಾಡಿದಳು.

“ಹೇಳಿ ಅತ್ತಿಗೆ. ಸಿಹಿ ಡಬ್ಬಿ ನೆನಪಿತ್ತು, ಅಮ್ಮ ನೆನಪಿರ್ಲಿಲ್ಲ. ಮರೆತ್ರೋ, ಬಿಟ್ರೋ?”

“ಗಾಡಿ ಬದಲಾಯಿಸೋಕೆ ಇಳಿದೆ.”

“ಯಾವ ಗಾಡಿ ಬದಲಾಯಿಸೋದು? ಅದು ಸೀದಾ...” ಎಂದವಳು ಅರ್ಧಕ್ಕೇ ಬಾಯಿ ಮುಚ್ಚಿದಳು.

“ಹೌದಂತೆ, ಸೀದಾ ಬರುತ್ತಂತೆ,” ಎಂದಳು ಚಿಜುರು. “ಒಂಬತ್ತು ವರ್ಷ ಆಯ್ತಂತೆ. ನನಗಿವತ್ತು ಗೊತ್ತಾಯ್ತು. ನಿಮಗೆ?”

ರಿತ್ಸುಕೊ ಚಹಾ ಲೋಟವನ್ನು ಭರಣಿಯ ಹತ್ತಿರಕ್ಕೆ ಸರಿಸಿದಳು.

“ನೀವು ವರ್ಷಕ್ಕೆರಡು ಸಲ ನಮ್ಮನೆಗೆ ಬರ್ತಿದ್ರಿ. ಇದೇ ಗಾಡೀಲಿ ಬರ್ತಿದ್ರಿ. ಬಂದು ಅಮ್ಮನ ಪಕ್ಕ ಕೂತು ಮೊಣಕಾಲು ಒತ್ಕೊಂಡು, ಯಾನಾಗಿಸೆ ಮೆಟ್ಟಿಲು ಜೀವ ತಿಂದುಬಿಡ್ತು ಅಂತಿದ್ರಿ.”

“ಅಮ್ಮನ ಮುಂದೆ ಈ ಮಾತು ಬೇಡ ಅತ್ತಿಗೆ.”

“ಆ ಮಾತು ನೀವು ಆಡಿದ್ದೂ ಅಮ್ಮನ ಮುಂದೆನೇ.”

ದನಿ ಏರಿರಲಿಲ್ಲವಂತೆ. ಬೈದಿದ್ದರೆ ನಾನೂ ನಾಲ್ಕು ಬೈದು ಬಚಾವಾಗುತ್ತಿದ್ದೆ, ಅವರು ತರಕಾರಿ ಬೆಲೆ ಕೇಳುವ ಹಾಗೆ ಕೇಳಿದರು ಎಂದು ರಿತ್ಸುಕೊ ನನಗೆ ಹೇಳಿದಳು.

“ಮೆಟ್ಟಿಲಿಲ್ಲ ಅಂತ ಬಾಯಿ ಬಿಟ್ಟಿದ್ರೆ,” ಎಂದಳು ರಿತ್ಸುಕೊ ಕೊನೆಗೆ, “ನೀವು ಅವಳನ್ನ ಕರ್ಕೊಂಡು ಬರ್ತಿದ್ರಿ. ಬಂದವಳು ನನ್ನ ಬಾಗಿಲು ದಾಟಿ ಒಳಗೆ ಬಂದ್ಮೇಲೆ ಹೊರಗೆ ಹೋಗ್ತಿದ್ಲಾ? ಅವಳ ಹಠ ನಿಮಗೆ ಗೊತ್ತಿಲ್ವಾ? ನಾನೂ ನನ್ನ ಗಂಡ ಇರೋದೇ ಎರಡು ಕೋಣೇಲಿ. ಅವನ ಅಮ್ಮನ್ನೂ ಕೊನೇವರೆಗೂ ನಾನೇ ನೋಡಿ ಕಳಿಸಿದ್ದು. ಮತ್ತೆ ಶುರು ಮಾಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ ಅತ್ತಿಗೆ. ಒಂದು ಸುಳ್ಳು ಹೇಳಿದ್ರೆ ಯಾರಿಗೂ ನೋವಾಗ್ದೆ ಹೋಗುತ್ತೆ ಅಂದ್ಕೊಂಡೆ.”

ಈಗ ಚಿಜುರು ಸಿಟ್ಟಾಗುತ್ತಾಳೆ, ಆಗಬೇಕು ಎಂದು ಕೇಳುತ್ತಿದ್ದ ನಾನು ಕಾದೆ. ನಾನಾಗಿದ್ದರೆ ಆ ಚಹಾ ಲೋಟ ಎತ್ತಿ ಎಸೆದಿರುತ್ತಿದ್ದೆ. ಚಿಜುರು ಬಂದು ರಿತ್ಸುಕೊ ಪಕ್ಕದಲ್ಲಿ ಕೂತಳು. ಇಬ್ಬರೂ ಮೇಜಿನ ಕಡೆ ಮುಖ ಮಾಡಿ ಕೂತರು.

“ಸ್ಟೇಷನ್ ನಮ್ಮನೆಯಿಂದ ಮೀನಂಗಡಿಯಷ್ಟು ದೂರ ಇಲ್ಲ,” ಎಂದಳು ಚಿಜುರು. “ಒಂದು ದಿನ ಹೋಗಿ ಒಂದು ಮಾತು ಕೇಳಿದ್ರೆ ಹೇಳ್ತಿದ್ರು. ಮೀನು ತರೋಕೆ ದಿನಾ ಅದರ ಮುಂದೇನೇ ಹೋಗ್ತಿದ್ದೆ. ಕೇಳ್ಲಿಲ್ಲ.”

“ಯಾಕೆ?”

“ಅಡುಗೆಮನೇಲಿ ನಿಂತು ಬಂದ ಕಾಲು. ಸಂಜೆ ಇವರನ್ನ ಎತ್ತಿ ಇಳಿಸಿ, ತೊಳೆದು, ಉಣಿಸಿ ಮಲಗಿಸ್ಬೇಕು. ಅಷ್ಟರಲ್ಲಿ ಬಾಗಿಲಿಗೆ ಬಂದು, ಹೋಗೋಣ ಅನ್ನೋರು. ನಾನು ಮೆಟ್ಟಿಲು ಅಂದ್ರೆ ಅಲ್ಲಿಗೆ ಮಾತು ಮುಗೀತಿತ್ತು. ಮೆಟ್ಟಿಲಿಲ್ಲ ಅಂತ ಗೊತ್ತಾಗಿದ್ರೆ ಬೇರೆ ಏನು ಹೇಳ್ಲಿ?” ಭರಣಿಯ ಗಂಟು ಸರಿ ಮಾಡುತ್ತ ಅಂದಳು, “ನಂಗೂ ಆ ಮೆಟ್ಟಿಲು ಬೇಕಿತ್ತು ರಿತ್ಸುಕೊ.”

ರಿತ್ಸುಕೊ ಅತ್ತಳು. ಚಿಜುರುಗೆ ಆಗಲೂ ಅಳು ಬರಲಿಲ್ಲ. ಬರಬಹುದು ಎಂದು ಒಂದೆರಡು ನಿಮಿಷ ಸುಮ್ಮನೆ ಕಾದು ನೋಡಿದಳಂತೆ, ಬರಲಿಲ್ಲ. ನೌಕರ ಚಹಾ ತಂದ. ಇಬ್ಬರೂ ಕುಡಿದು, ಬಗ್ಗಿ ನಮಸ್ಕರಿಸಿ ಹೊರಗೆ ಬಂದರು.

ಒಂದು ಗಂಟೆ ಆಗಲೇ ಮೀರಿತ್ತು. ಟ್ಯಾಕ್ಸಿಯಲ್ಲಿ ಕೂತಮೇಲೆ ರಿತ್ಸುಕೊ ಕರವಸ್ತ್ರದಲ್ಲಿ ಮೂಗೊರೆಸಿಕೊಂಡು ಕೇಳಿದಳು, “ತಡ ಯಾಕಾಯ್ತು ಅಂದ್ರೆ ಗುರುಗಳಿಗೆ ಏನು ಹೇಳೋದು?”

“ಯಾನಾಗಿಸೇಲಿ ಗಾಡಿ ಬದಲಾಯಿಸೋದ್ರಲ್ಲಿ ತಡ ಆಯ್ತು ಅಂತ ಹೇಳೋಣ,” ಎಂದಳು ಚಿಜುರು.

ಸಮಾಧಿಯ ಹತ್ತಿರ ಗುರುಗಳು ಕೇಳಿದರು. ಇಬ್ಬರೂ ಅದನ್ನೇ ಹೇಳಿದರು. ಭರಣಿ ಆಗ ಚಿಜುರು ಕೈಯಲ್ಲೇ ಇತ್ತು.